ಅಚೌರ್ಯಾಣುವ್ರತವೂ ಕ್ರೀಡಾಂಗಣವೂ

ಕಳವೆಂದರೆ ಅದತ್ತಾದಾನ, ಒಡೆಯನು ಕೊಡದಿರುವುದನ್ನು ಪ್ರಮಾದದಿಂದ ತನ್ನದಾಗಿಸಿಕೊಳ್ಳುವುದು. ಈ ಲಕ್ಷಣವನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ ಶ್ರಾವಕನ ಮುಂದೆ ಇಂದಿನ ಕಾಲವು ಒಂದು ತೊಡಕಿನ ಪ್ರಶ್ನೆಯನ್ನು ತಂದಿಟ್ಟಿದೆ. ಹೆಸರಾಂತ ಆಟಗಾರನೊಬ್ಬನಿಗೆ ಜೂಜುಕೋರನು ತಾನಾಗಿಯೇ ಹಣವನ್ನು ತಂದುಕೊಡುತ್ತಾನೆ. ಕೊಟ್ಟವನಿಗೆ ದುಃಖವಿಲ್ಲ, ತೆಗೆದುಕೊಂಡವನು ಯಾರ ಪೆಟ್ಟಿಗೆಯನ್ನೂ ಒಡೆದಿಲ್ಲ. ಹಾಗಾದರೆ ಅಲ್ಲಿ ಅದತ್ತವಾದುದು ಯಾವುದು? ವ್ರತಭಂಗವಾದುದು ಎಲ್ಲಿ?

ಇದನ್ನು ವಿಚಾರಿಸಲು ದಕ್ಷಿಣ ಆಫ್ರಿಕಾದ ಕ್ರಿಕೆಟ್ ತಂಡದ ನಾಯಕನಾಗಿದ್ದ ಹ್ಯಾನ್ಸಿ ಕ್ರೋನಿಯೆಯ ವೃತ್ತಾಂತಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯಲಾರದು. 2000ನೆಯ ಇಸವಿಯ ಏಪ್ರಿಲ್ 7ರಂದು ದೆಹಲಿಯ ಪೊಲೀಸರು, ಆತನು ಜೂಜುಕೋರನೊಡನೆ ದೂರವಾಣಿಯಲ್ಲಿ ಆಡಿದ ಮಾತುಗಳು ತಮಗೆ ದೊರೆತಿವೆ ಎಂದು ಪ್ರಕಟಿಸಿದರು. ಆತನು ಮೊದಲು ಎಲ್ಲವನ್ನೂ ಅಲ್ಲಗಳೆದನು. ನಾಲ್ಕು ದಿನಗಳ ತರುವಾಯ, ಬೆಳಗಿನ ಜಾವದಲ್ಲಿ ತನ್ನ ಮಂಡಳಿಯ ಮುಖ್ಯಸ್ಥನಿಗೆ ಕರೆಮಾಡಿ, ತಾನು ಪೂರ್ಣ ಸತ್ಯವನ್ನು ಹೇಳಿರಲಿಲ್ಲವೆಂದು ಒಪ್ಪಿಕೊಂಡನು. ಅದೇ ವರ್ಷದ ಜೂನ್ ತಿಂಗಳಲ್ಲಿ ಕೇಪ್ ಟೌನ್ ನಗರದಲ್ಲಿ ನ್ಯಾಯಮೂರ್ತಿ ಕಿಂಗ್ ಅವರ ಆಯೋಗದ ಮುಂದೆ ಉಳಿದ ಸಂಗತಿಗಳು ಹೊರಬಂದವು. ಅವುಗಳಲ್ಲಿ ಮೂರನ್ನು ಇಲ್ಲಿ ಪರಿಶೀಲಿಸಬಹುದು.

1996ರಲ್ಲಿ ಕಾನ್ಪುರದ ಟೆಸ್ಟ್ ಪಂದ್ಯದಲ್ಲಿ ತಂಡವು ಸೋಲುವಂತೆ ಮಾಡಬೇಕೆಂದು ಆತನಿಗೆ 30,000 ಡಾಲರ್ ಕೊಡಲಾಯಿತು. ತಂಡವು ಆ ವೇಳೆಗಾಗಲೇ ಸೋಲಿನ ದಾರಿಯಲ್ಲಿತ್ತು. ಆತನು ಯಾರಿಗೂ ಏನನ್ನೂ ಹೇಳಲಿಲ್ಲ, ಏನನ್ನೂ ಮಾಡಲಿಲ್ಲ. ಹಣವನ್ನು ಮಾತ್ರ ಇಟ್ಟುಕೊಂಡನು. ಏನೂ ಮಾಡದೆ ಬಂದ ಹಣವೆಂದು ಆತನೇ ಹೇಳಿಕೊಂಡನು.

ಎರಡನೆಯದು 2000ದ ಜನವರಿಯಲ್ಲಿ ಸೆಂಚೂರಿಯನ್‌ನಲ್ಲಿ ಇಂಗ್ಲೆಂಡಿನ ಎದುರು ನಡೆದ ಪಂದ್ಯ. ಮೂರು ದಿನಗಳ ಆಟವು ಮಳೆಯಿಂದ ಪೂರ್ಣವಾಗಿ ಹಾಳಾಗಿತ್ತು. ಎರಡೂ ತಂಡಗಳು ಒಂದೊಂದು ಇನಿಂಗ್ಸನ್ನು ಬಿಟ್ಟುಕೊಡಲೆಂದು ಕ್ರೋನಿಯೆ ಸೂಚಿಸಿದನು. 249 ಓಟಗಳ ಗುರಿಯನ್ನು ಇಂಗ್ಲೆಂಡ್ ಎರಡು ವಿಕೆಟ್‌ಗಳು ಉಳಿದಿರುವಾಗ ಮುಟ್ಟಿತು. ಎಂತಹ ಉದಾರ ಹೃದಯದ ನಾಯಕನೆಂದು ಹಲವರು ಕೊಂಡಾಡಿದರು. ಆ ಔದಾರ್ಯದ ಹಿಂದೆ ಒಬ್ಬ ಜೂಜುಕೋರನೂ, ಸುಮಾರು 50,000 ರ‍್ಯಾಂಡ್ ಹಣವೂ, ಪತ್ನಿಗೆಂದು ಕೊಟ್ಟ ಒಂದು ತೊಗಲಿನ ಅಂಗಿಯೂ ಇದ್ದುವೆಂಬುದು ಅನಂತರ ತಿಳಿಯಿತು. ಪಂದ್ಯವು ಇತ್ಯರ್ಥವಾದರೆ ಧರ್ಮಕಾರ್ಯಕ್ಕೂ ದೊಡ್ಡ ಮೊತ್ತ ಕೊಡುವುದಾಗಿ ಆ ಜೂಜುಕೋರನು ಆಸೆ ತೋರಿಸಿದ್ದನಂತೆ. ನ್ಯಾಯೋಪಾರ್ಜಿತವಲ್ಲದ ಧನವು ದಾನಕ್ಕೆ ಯೋಗ್ಯವಲ್ಲವೆಂದು ಶ್ರಾವಕಾಚಾರಗಳು ಏತಕ್ಕೆ ಮೊದಲೇ ಕಟ್ಟಳೆ ಮಾಡಿದವು ಎಂಬುದು ಇಂತಹ ಸ್ಥಳದಲ್ಲಿ ಅರ್ಥವಾಗುತ್ತದೆ.

ಇಲ್ಲಿ ಕಳೆದುಕೊಂಡವರು ಯಾರು? ನೋಡಿದವರು ಸಂತೋಷಪಟ್ಟರು, ಗೆದ್ದವರು ಗೆದ್ದರು. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೊನೆಯದಾದ ಪ್ರತಿರೂಪಕ ವ್ಯವಹಾರವು ಇದಕ್ಕೆ ಉತ್ತರ ಕೊಡುತ್ತದೆ. ಅಪ್ಪಟವಾದುದರಂತೆ ತೋರುವ ಕೃತಕ ವಸ್ತುವನ್ನು ಅಪ್ಪಟವೆಂದು ಮಾರುವುದೇ ಪ್ರತಿರೂಪಕ. ತುಪ್ಪದಲ್ಲಿ ಎಣ್ಣೆ ಬೆರೆಸಿ ಮಾರಿದಾಗ ಕೊಳ್ಳುವವನು ತಾನಾಗಿಯೇ ಬೆಲೆ ಕೊಡುತ್ತಾನೆ. ಮನೆಗೆ ಹೋಗಿ ಉಂಡು ರುಚಿಯಾಗಿದೆಯೆಂದೂ ಹೇಳಬಹುದು. ಅಷ್ಟರಿಂದ ಅಂಗಡಿಯವನು ವ್ರತಿಯಾಗುವುದಿಲ್ಲ. ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳ ಜೈನ ಮನೆತನಗಳಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಫಲಿತಾಂಶವು ಯಾರಿಗೂ ಗೊತ್ತಿಲ್ಲವೆಂಬುದೇ ಆಟದ ಅಪ್ಪಟತನ. ನೋಡುವವನು ಬೆಲೆ ಕೊಟ್ಟು ಕೊಂಡದ್ದು ಅದನ್ನು. ಅವನ ಕೈಸೇರಿದ್ದು ಬೇರೊಂದು.

ಕರ್ನಾಟಕದಲ್ಲಿಯೇ ಈ ಪ್ರಶ್ನೆಯು ನ್ಯಾಯಾಸ್ಥಾನದ ಮುಂದೆ ಬಂದುದುಂಟು. ಕರ್ನಾಟಕ ಪ್ರೀಮಿಯರ್ ಲೀಗ್ ಪಂದ್ಯಗಳಲ್ಲಿ ಹಣಕ್ಕಾಗಿ ಆಟವನ್ನು ಮಾರಿಕೊಂಡರೆಂಬ ಆರೋಪದ ಮೇಲೆ 2019ರಲ್ಲಿ ಬೆಂಗಳೂರಿನ ಪೊಲೀಸರು ಕೆಲವರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು, ಇಂತಹ ಕೃತ್ಯವು ದಂಡಸಂಹಿತೆಯಲ್ಲಿ ಹೇಳಿದ ವಂಚನೆಯ ಲಕ್ಷಣಕ್ಕೆ ಒಳಪಡುವುದಿಲ್ಲ, ಪ್ರೇಕ್ಷಕರು ಸ್ವಇಚ್ಛೆಯಿಂದಲೇ ಚೀಟಿ ಕೊಳ್ಳುತ್ತಾರೆ ಎಂದು ಹೇಳಿ ಮೊಕದ್ದಮೆಯನ್ನು ರದ್ದುಗೊಳಿಸಿತು. ಅದು ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು, ಶಿಸ್ತುಕ್ರಮವು ಕ್ರಿಕೆಟ್ ಮಂಡಳಿಗೆ ಸೇರಿದ್ದು ಎಂದೂ ಹೇಳಿತು. ಆರೋಪವು ನಿಜವೋ ಸುಳ್ಳೋ ಎಂಬುದು ಬೇರೆ ಮಾತು. ನ್ಯಾಯಾಲಯವು ಶಾಸನದ ಅಕ್ಷರವನ್ನು ಓದಿತು. ಅದು ಅದರ ಧರ್ಮ. ಆದರೆ ರಾಜದಂಡವು ಎಲ್ಲಿ ನಿಲ್ಲುವುದೋ ಅಲ್ಲಿಗೆ ತನ್ನ ವ್ರತವೂ ನಿಂತಿತೆಂದು ಶ್ರಾವಕನು ತಿಳಿಯುವ ಹಾಗಿಲ್ಲ.

ಮೂರನೆಯ ಸಂಗತಿಯೇ ಎಲ್ಲಕ್ಕಿಂತ ಸೂಕ್ಷ್ಮವಾದುದು. 2000ದ ಮಾರ್ಚ್ 19ರಂದು ನಾಗಪುರದಲ್ಲಿ ಭಾರತದೊಡನೆ ಪಂದ್ಯವಿತ್ತು. ಕ್ರೋನಿಯೆ ತನ್ನ ಕೈಕೆಳಗಿನ ಹರ್ಷೆಲ್ ಗಿಬ್ಸ್‌ಗೆ, ಇಪ್ಪತ್ತಕ್ಕಿಂತ ಕಡಿಮೆ ಓಟ ಗಳಿಸಿದರೆ 15,000 ಡಾಲರ್ ದೊರೆಯುವುದೆಂದನು. ಹೆನ್ರಿ ವಿಲಿಯಮ್ಸ್‌ಗೆ, ಐವತ್ತಕ್ಕಿಂತ ಹೆಚ್ಚು ಓಟ ಬಿಟ್ಟುಕೊಟ್ಟರೆ ಅಷ್ಟೇ ಹಣವೆಂದನು. ಇಬ್ಬರೂ ಒಪ್ಪಿದರು. ಅಂಗಣಕ್ಕಿಳಿದ ಗಿಬ್ಸ್ 74 ಓಟ ಗಳಿಸಿದನು. ವಿಲಿಯಮ್ಸ್ ಹನ್ನೊಂದು ಎಸೆತಗಳನ್ನು ಹಾಕುವಷ್ಟರಲ್ಲಿ ಭುಜ ನೋವಾಗಿ ಹೊರನಡೆದನು. ಒಪ್ಪಿದ ಕೆಲಸವನ್ನು ಇಬ್ಬರೂ ಮಾಡಲಿಲ್ಲ. ಹಣವೂ ಅವರ ಕೈಸೇರಲಿಲ್ಲ. ಆದರೂ ಅವರ ಮಂಡಳಿಯು ಇಬ್ಬರನ್ನೂ ಆರು ತಿಂಗಳು ಆಟದಿಂದ ಹೊರಗಿಟ್ಟಿತು. ಕ್ರೋನಿಯೆಗೆ ಆಜೀವ ನಿಷೇಧವಾಯಿತು.

ಮಾಡದ ಕೆಲಸಕ್ಕೆ ದಂಡವೇ ಎಂದು ಯಾರಾದರೂ ಕೇಳಬಹುದು. ಜಪಮಾಲೆಯನ್ನು ಹಿಡಿಯುವ ಶ್ರಾವಿಕೆಗೆ ಉತ್ತರ ಗೊತ್ತಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ ವಚನ ಕಾಯಗಳೆಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು: ಇವನ್ನು ಗುಣಿಸಿದರೆ ಆಸ್ರವದ್ವಾರಗಳು 108. ಅಷ್ಟು ಬಾಗಿಲುಗಳನ್ನು ಮುಚ್ಚಲೆಂದೇ ಅಷ್ಟು ಮಣಿಗಳು. ಗಿಬ್ಸ್‌ನದು ಅಂಗಣದಲ್ಲಿ ಆರಂಭಕ್ಕೆ ಬಾರದ ಪಾಪ. ಆದರೆ ಲೋಭದಿಂದ ಮನಸ್ಸು ಸಂಕಲ್ಪಿಸಿತು, ವಚನವು ಒಪ್ಪಿತು. ಕ್ರೋನಿಯೆಯದು ಕಾರಿತ, ಕಳ್ಳನನ್ನು ಪ್ರೇರಿಸುವ ಸ್ತೇನಪ್ರಯೋಗ. ಕಾನ್ಪುರದ ಹಣವೂ ಇದೇ ಲೆಕ್ಕಕ್ಕೆ ಸೇರುತ್ತದೆ: ಕೈ ಏನನ್ನೂ ಮಾಡದಿದ್ದರೂ ಪರಿಣಾಮವು ಆಗಲೇ ಕೆಟ್ಟಿತ್ತು. ಕರ್ಮಬಂಧವು 74 ಓಟಗಳನ್ನು ಎಣಿಸುವುದಿಲ್ಲ. ತನಗೆ ಹಣದ ಮೇಲೆ ಅತಿಯಾದ ಮೋಹವಿತ್ತೆಂದು ಕ್ರೋನಿಯೆ ಆಯೋಗದ ಮುಂದೆ ಒಪ್ಪಿಕೊಂಡನು. ನಾಲ್ಕನೆಯ ಕಷಾಯವನ್ನು ಅಷ್ಟು ನೇರವಾಗಿ ಹೆಸರಿಸಿದವರು ವಿರಳ.

ಆತನು ತನ್ನ ಮತದಲ್ಲಿ ನಿಷ್ಠಾವಂತನೆಂದು ಹೆಸರಾಗಿದ್ದವನು. ಕ್ರಿಸ್ತನನ್ನು ನೆನಪಿಸುವ ಪಟ್ಟಿಯನ್ನು ಮಣಿಕಟ್ಟಿಗೆ ಧರಿಸುತ್ತಿದ್ದನು. ಇದನ್ನು ಕೇಳಿ ನಗುವ ಮೊದಲು ಶ್ರಾವಕರು ಸತ್ಯಘೋಷನ ಕಥೆಯನ್ನು ನೆನೆಯಬೇಕು. ಶ್ರೀಭೂತಿ ಎಂಬ ಪುರೋಹಿತನು, ಸುಳ್ಳಾಡಿದರೆ ನಾಲಗೆಯನ್ನು ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಕತ್ತಿಯನ್ನು ಕಟ್ಟಿಕೊಂಡು ತಿರುಗಿ ಆ ಹೆಸರನ್ನು ಪಡೆದಿದ್ದನು. ಆತನನ್ನು ನಂಬಿ ವರ್ತಕನು ಇರಿಸಿಹೋದ ಐದು ರತ್ನಗಳನ್ನು ಆತನೇ ನುಂಗಿಹಾಕಿದನು. ಸತ್ಯವಂತನೆಂಬ ಹೆಸರಿದ್ದುದರಿಂದಲೇ ಊರವರು ವರ್ತಕನನ್ನು ಹುಚ್ಚನೆಂದರು. ಕೊನೆಗೆ ರಾಣಿ ರಾಮದತ್ತೆಯು ಜೂಜಿನ ನೆವದಿಂದ ನಿಜವನ್ನು ಹೊರಗೆಡಹಬೇಕಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ದೃಷ್ಟಿಯು ಮನೆಯತ್ತ ಹೊರಳಲೇಬೇಕು. ಆಟಗಾರನಿಗೆ ಜೂಜುಕೋರನು ಕೊಟ್ಟ ಹಣವು ಆಕಾಶದಿಂದ ಬಿದ್ದುದಲ್ಲ. ಸಾವಿರಾರು ಮನೆಗಳಿಂದ ಪಣವಾಗಿ ಹೊರಟ ಚಿಲ್ಲರೆಯೇ ಅದು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿದ್ದಾರೆ. 2025ರಲ್ಲಿ ಭಾರತದ ಸಂಸತ್ತು, ದೂರವಾಣಿಯಲ್ಲಿಯೂ ಗಣಕಯಂತ್ರದಲ್ಲಿಯೂ ಹಣವಿಟ್ಟು ಆಡುವ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಅದಕ್ಕೆ ಮುಂಚೆ ಇಂತಹ ಆಟಗಳಿಗೆ ಕೌಶಲ್ಯದ ಆಟವೆಂಬ ಮರ್ಯಾದೆಯ ಹೆಸರಿತ್ತು. ಮರ್ಯಾದಸ್ಥರ ಮನೆಯ ಮಕ್ಕಳೂ ತಂಡ ಕಟ್ಟಿ ಹಣ ಹೂಡುತ್ತಿದ್ದರು. ದ್ಯೂತತ್ಯಾಗವನ್ನು ಮಾಡಿದವರು ಆ ಕಾಯಿದೆಗಾಗಿ ಕಾಯಬೇಕಾಗಿರಲಿಲ್ಲ.

ಪಣವಿಡದವರಿಗೂ ಒಂದು ಮಾತು ಸಲ್ಲುತ್ತದೆ. ಐಪಿಎಲ್ ಪಂದ್ಯಗಳು ಸಾಮಾನ್ಯವಾಗಿ ಚೈತ್ರ ವೈಶಾಖಗಳಲ್ಲಿ ನಡೆಯುತ್ತವೆ. ಆದಿನಾಥ ಸ್ವಾಮಿಯ ಪಾರಣೆಯನ್ನು ನೆನೆಯುವ ಅಕ್ಷಯ ತೃತೀಯೆಯೂ ಅಷ್ಟಮಿ ಚತುರ್ದಶಿಗಳೂ ಆ ದಿನಗಳಲ್ಲಿಯೇ ಬರುತ್ತವೆ. ಉಪವಾಸ ಹಿಡಿದ ಗೃಹಸ್ಥನು ಹೊತ್ತು ಹೋಗಲೆಂದು ಸಂಜೆ ಪಂದ್ಯದ ಮುಂದೆ ಕುಳಿತರೆ ಆಹಾರವೇನೋ ಬಿಟ್ಟುಹೋಗಿರುತ್ತದೆ. ಪ್ರೋಷಧೋಪವಾಸದ ಅತಿಚಾರಗಳಲ್ಲಿ ಹೇಳಿದ ಅನಾದರವೂ ಸ್ಮೃತ್ಯನುಪಸ್ಥಾನವೂ ಮಾತ್ರ ಬಿಟ್ಟಿರುವುದಿಲ್ಲ. ಆದುದರಿಂದ ಮಕ್ಕಳಿಗೆ ಚತುರ್ದಶಿಯ ಉಪವಾಸವನ್ನು ಕೊಡುವ ಹಿರಿಯರು, ಜಿನಬಿಂಬದ ಮುಂದೆ ಪ್ರತ್ಯಾಖ್ಯಾನ ಮಾಡಿಸುವಾಗ ಆಹಾರದೊಡನೆ ಇದನ್ನೂ ಹೆಸರಿಸಿ ಬಿಡಿಸುವುದು ಒಳ್ಳೆಯದು. ದೂರವಾಣಿಯು ಮರುದಿನದ ಪಾರಣೆಯವರೆಗೆ ಅಜ್ಜಿಯ ಪೆಟ್ಟಿಗೆಯಲ್ಲಿದ್ದರೆ ಸಾಕು. ಸಂಜೆಯ ಸಾಮಾಯಿಕಕ್ಕೆ ಹುಡುಗನು ಎರಡು ಘಳಿಗೆ ಕುಳಿತನೋ ಇಲ್ಲವೋ ಎಂಬುದನ್ನು ಅಜ್ಜಿಯೇ ನೋಡಿಕೊಳ್ಳುತ್ತಾಳೆ.