ಹೆಣೆದ ನಾಯಿಮರಿಯೂ ಎರಡನೆಯ ಆಜ್ಞೆಯೂ



ಮಗುವಿನ ಕೈಗೆ ಕೊಡುವ ಆಟದ ಗೊಂಬೆಯು ದೇವರ ಆಜ್ಞೆಗೆ ವಿರೋಧವಾದದ್ದೋ? ಈ ಪ್ರಶ್ನೆಯನ್ನು ಕೇಳಿದರೆ ಪಟ್ಟಣದವರು ನಕ್ಕಾರು. ಆದರೆ ವಿಗ್ರಹಗಳನ್ನು ಬಿಟ್ಟು ಜೀವವುಳ್ಳ ದೇವರ ಕಡೆಗೆ ತಿರುಗಿಕೊಂಡ ಮನೆಗಳಲ್ಲಿ ಇದು ನಗುವ ಮಾತಲ್ಲ. ನಮ್ಮ ಹಿರಿಯರು ಮನೆಯ ಮೂಲೆಯಿಂದ ಹೊರಗೆ ಹಾಕಿದ ರೂಪಗಳೂ ಮನುಷ್ಯರ ಕೈಕೆಲಸವೇ ಆಗಿದ್ದವು. ಅವುಗಳನ್ನು ಬಿಟ್ಟದ್ದಕ್ಕಾಗಿ ಎಷ್ಟೋ ಮಂದಿ ಬಂಧುಗಳನ್ನೂ ಊರ ಬಾವಿಯ ನೀರನ್ನೂ ಕಳಕೊಂಡರು. ಅಂಥವರ ಮಕ್ಕಳು ಈ ವಿಷಯದಲ್ಲಿ ಎಚ್ಚರವಾಗಿರುವದು ಸ್ತುತ್ಯವೇ ಸರಿ. ಆದರೆ ಎಚ್ಚರಿಕೆಯು ವಿಚಾರವನ್ನು ಬಿಟ್ಟು ಓಡಿದರೆ ಏನಾಗುವದೆಂಬದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಅದನ್ನು ಇಲ್ಲಿ ಮರೆಮಾಡದೆ ತಿಳಿಸುತ್ತೇವೆ.

ನಾವು ಸೇವೆಮಾಡುವ ಸಭೆಗಳೊಂದರಲ್ಲಿ ವೃದ್ಧರಾದ ಒಬ್ಬ ಸಹೋದರಿಯಿದ್ದಾರೆ. ಅವರು ಚಿಕ್ಕಂದಿನಲ್ಲಿ ಮಿಶನಿನ ಬಾಲಿಕಾಶ್ರಮದಲ್ಲಿ ಹೆಣಿಗೆಯನ್ನು ಕಲಿತವರು. ಅವರ ಮಗಳು ದೂರದ ಆಸ್ಪತ್ರೆಯಲ್ಲಿ ಬಹುದಿನ ಮಲಗಿದ್ದಾಗ ಮೂರು ವರುಷದ ಮೊಮ್ಮಗನು ಅಜ್ಜಿಯ ಬಳಿಯಲ್ಲಿದ್ದನು. ರಾತ್ರಿಯಲ್ಲಿ ಎಚ್ಚರವಾದಾಗಲೆಲ್ಲಾ ಅವನು ತಾಯಿಗಾಗಿ ಅಳುವನು. ಕೈಯಲ್ಲಿ ಹಿಡಿದು ಮಲಗಲಿಕ್ಕೆ ಏನಾದರೂ ಇರಲೆಂದು ಅಜ್ಜಿಯು ಉಣ್ಣೆಯ ದಾರದಿಂದ ಒಂದು ಗೇಣುದ್ದದ ನಾಯಿಮರಿಯನ್ನು ಹೆಣೆದರು.

ಈ ಕೆಲಸವನ್ನು ಅರಿಯದವರಿಗಾಗಿ ಸ್ವಲ್ಪ ವಿವರಿಸುತ್ತೇವೆ. ನಮ್ಮ ಕಂಬಳಿಯಲ್ಲಿ ಹಾಸು ಹೊಕ್ಕು ಎಂಬ ಎರಡು ಎಳೆಗಳುಂಟು. ಹೆಣಿಗೆಯಲ್ಲಾದರೋ ಒಂದೇ ಎಳೆಯು ಎರಡು ಕಡ್ಡಿಗಳ ಮೇಲೆ ಕುಣಿಕೆಯೊಳಗಿಂದ ಕುಣಿಕೆಯಾಗಿ ಹೊರಟು ಬಟ್ಟೆಯಾಗುವದು. ಗೊಂಬೆಗೆ ಹೆಣೆಯುವಾಗ ಸ್ವೆಟರಿಗೆ ಹಿಡಿಯುವದಕ್ಕಿಂತ ಸಣ್ಣ ಕಡ್ಡಿಗಳನ್ನು ಹಿಡಿದು ಕುಣಿಕೆಗಳನ್ನು ಬಿಗಿಮಾಡಬೇಕು. ಇಲ್ಲವಾದರೆ ಒಳಗಿನ ಅರಳೆಯು ಹೊರಗೆ ಇಣುಕುವದು. ಮೈ, ತಲೆ, ನಾಲ್ಕು ಕಾಲು, ಎರಡು ಕಿವಿ, ಬಾಲ ಇವುಗಳನ್ನು ಬೇರೆ ಬೇರೆಯಾಗಿ ಹೆಣೆದು, ಅರಳೆಯನ್ನು ತುಂಬಿ, ಅದೇ ದಾರದಿಂದ ಹೊಲಿದು ಕೂಡಿಸಬೇಕು. ಕಣ್ಣುಗಳಿಗೆ ಮಣಿಗಳನ್ನು ಹಚ್ಚಿದರೆ ಕಿತ್ತುಬಂದಾಗ ಮಗು ನುಂಗೀತೆಂದು ಆ ತಾಯಿಯು ಕಪ್ಪು ದಾರದಿಂದಲೇ ಕಣ್ಣುಗಳನ್ನು ಹೊಲಿದಿದ್ದರು. ಮನೆಗೆಲಸ ತೀರಿದ ಮೇಲೆ ದೀಪದ ಮುಂದೆ ಕೂತು ಮಾಡಿದ ಈ ಕೆಲಸಕ್ಕೆ ಮೂರು ವಾರ ಹಿಡಿಯಿತು.

ಒಂದು ಭಾನುವಾರ ಮಗುವು ಅದನ್ನು ಅಪ್ಪಿಕೊಂಡು ಆರಾಧನೆಗೆ ಬಂದಿತು. ಆರಾಧನೆಯಾದ ಮೇಲೆ ಸಭೆಯ ಹಿರಿಯರೊಬ್ಬರು, "ಅಯ್ಯನವರೇ, ಭೂಮಿಯ ಮೇಲಿರುವವುಗಳ ರೂಪವನ್ನು ಸಹ ಮಾಡಬಾರದೆಂದು ಆಜ್ಞೆಯುಂಟಲ್ಲಾ, ನಾಯಿಯು ಭೂಮಿಯ ಮೇಲಿನದಲ್ಲವೋ?" ಎಂದು ಕೇಳಿದರು. ನಾವು ಗ್ರಂಥವನ್ನು ತೆರೆಯಲಿಲ್ಲ, ಒಂದು ರಾತ್ರಿಯಾದರೂ ಯೋಚಿಸಲಿಲ್ಲ. "ಸಂಶಯವುಳ್ಳದ್ದನ್ನು ಬಿಡುವದೇ ಲೇಸು" ಎಂದುಬಿಟ್ಟೆವು. ಆ ತಾಯಿಯು ಎದುರುಮಾತಾಡಲಿಲ್ಲ. ಅದೇ ರಾತ್ರಿ ಹೊಲಿಗೆಗಳನ್ನು ಬಿಚ್ಚಿ, ಕೊನೆಯ ಗಂಟುಗಳನ್ನು ಬಿಡಿಸಿ ದಾರವನ್ನು ಎಳೆದರು. ಮೂರು ವಾರದ ಕೆಲಸವು ಸಾಲುಸಾಲಾಗಿ ಕಳಚಿ ಗಳಿಗೆಯಲ್ಲಿ ದಾರವಾಯಿತು. ಮುಂದಿನ ವಾರ ನಾವು ಅವರ ಮನೆಗೆ ಹೋದಾಗ ಮಗುವು ಗೂಡಿನಲ್ಲಿದ್ದ ದಾರದ ಉಂಡೆಯನ್ನು ತೋರಿಸಿ, "ನಾಯಿ ಅದರೊಳಗೆ ಹೋಯಿತು" ಎಂದಿತು. ಆ ಮಾತು ನಮ್ಮ ಹೃದಯವನ್ನು ಇರಿಯಿತು. ಮನೆಗೆ ಬಂದು, ಮೊದಲೇ ಮಾಡಬೇಕಾಗಿದ್ದ ಶೋಧನೆಯನ್ನು ಆಗ ಮಾಡಿದೆವು.

ಎರಡನೆಯ ಆಜ್ಞೆಯನ್ನು ಅರ್ಧದಲ್ಲಿ ನಿಲ್ಲಿಸಿ ಓದಬಾರದು. ರೂಪವನ್ನು ಮಾಡಬಾರದೆಂದು ಹೇಳಿದ ಕೂಡಲೇ ಅದಕ್ಕೆ ಅಡ್ಡಬೀಳಬಾರದು, ಅದನ್ನು ಸೇವಿಸಬಾರದು ಎಂದು ಆಜ್ಞೆಯು ಮುಂದುವರಿಯುತ್ತದೆ. ಆಜ್ಞೆಯನ್ನು ಕೊಟ್ಟ ಅದೇ ದೇವರು ಅದೇ ಬೆಟ್ಟದಲ್ಲಿ, ಮಂಜೂಷದ ಮೇಲೆ ಎರಡು ಕೆರೂಬಿಗಳನ್ನು ಮಾಡಿಸಬೇಕೆಂದು ಮೋಶೆಗೆ ಅಪ್ಪಣೆಕೊಟ್ಟನು. ಮಹಾಯಾಜಕನ ನಿಲುವಂಗಿಯ ಅಂಚಿನ ಸುತ್ತಲೂ ನೀಲಿ, ಧೂಮ್ರ, ರಕ್ತವರ್ಣಗಳ ದಾರದಿಂದ ದಾಳಿಂಬೆಹಣ್ಣುಗಳನ್ನು ಮಾಡಿಸಿದನು. ಸೊಲೊಮೋನನ ದೇವಾಲಯದಲ್ಲಿ ನೀರಿನ ದೊಡ್ಡ ಪಾತ್ರೆಯು 12 ಎತ್ತುಗಳ ರೂಪಗಳ ಮೇಲೆ ನಿಂತಿತ್ತು. ರೂಪವು ರೂಪವಾದ ಮಾತ್ರದಿಂದಲೇ ಪಾಪವಾಗಿದ್ದರೆ ಇವೆಲ್ಲಾ ದೇವರ ಸನ್ನಿಧಿಯಲ್ಲಿ ಹೇಗೆ ನಿಂತಾವು?

ತಾಮ್ರದ ಸರ್ಪದ ಸಂಗತಿಯು ಇನ್ನೂ ಸ್ಪಷ್ಟವಾದದ್ದು. ಅದನ್ನು ಮೋಶೆಯು ದೇವರ ಅಪ್ಪಣೆಯಿಂದಲೇ ಮಾಡಿದನು. ಬಹುಕಾಲದ ಮೇಲೆ ಜನರು ಅದಕ್ಕೆ ಧೂಪಹಾಕಲು ತೊಡಗಿದಾಗ ಅರಸನಾದ ಹಿಜ್ಕೀಯನು ಅದನ್ನು ಒಡೆದು ಚೂರುಮಾಡಿದನು. ತಾಮ್ರವು ಬದಲಾಗಿರಲಿಲ್ಲ, ಸರ್ಪದ ರೂಪವೂ ಬದಲಾಗಿರಲಿಲ್ಲ. ಜನರ ಹೃದಯವು ಅದರಿಂದ ಬೇಡಿಕೊಂಡದ್ದು ಬದಲಾಗಿತ್ತು. ಯೆಶಾಯನು ಹೇಳುವ ಬಡಗಿಯೂ ಹಾಗೆಯೇ. ಒಂದೇ ಮರದ ಅರ್ಧವನ್ನು ಉರಿಸಿ ರೊಟ್ಟಿಸುಟ್ಟು, ಉಳಿದರ್ಧದ ಮುಂದೆ ಬಿದ್ದು ರಕ್ಷಣೆಯನ್ನು ಬೇಡುತ್ತಾನೆ. ಆದದರಿಂದ ಒಂದು ವಸ್ತುವನ್ನು ಕುರಿತು ನಾವು ಕೇಳತಕ್ಕದ್ದು, ಅದು ಯಾವದರ ಹಾಗೆ ಕಾಣುತ್ತದೆ ಎಂಬದಲ್ಲ. ದೇವರಿಂದ ಮಾತ್ರ ಬೇಡತಕ್ಕದ್ದನ್ನು ನಾವು ಅದರಿಂದ ಬೇಡುತ್ತೇವೋ ಎಂಬದೇ.

ಈ ತಕ್ಕಡಿಯಲ್ಲಿ ಆ ನಾಯಿಮರಿಯನ್ನು ಇಟ್ಟು ನೋಡಿರಿ. ಮಗುವು ಅದರಿಂದ ಮಳೆಯನ್ನಾಗಲಿ ಆರೋಗ್ಯವನ್ನಾಗಲಿ ಬೇಡುವದಿಲ್ಲ. ತನ್ನ ತುತ್ತಿನಲ್ಲಿ ಅದಕ್ಕೆ ಪಾಲು ಕೊಡುತ್ತದೆ, ಚಳಿಯಾದೀತೆಂದು ಅದಕ್ಕೆ ಹೊದಿಸುತ್ತದೆ. ಇದು ಸೇವಿಸುವದಲ್ಲ, ಪ್ರೀತಿಸುವದನ್ನು ಕಲಿಯುವದು. ಆದರೆ ಅದೇ ಗೊಂಬೆಯನ್ನು ಕೆಟ್ಟ ದೃಷ್ಟಿ ತಾಗದಿರಲೆಂದು ತೊಟ್ಟಿಲಿಗೆ ಕಟ್ಟಿದರೆ ಆ ಗಳಿಗೆಯಲ್ಲೇ ಅದು ವಿಗ್ರಹವಾಗುವದು. ಇನ್ನೂ ಒಂದು ಮಾತು ಕೇಳಿರಿ. ಜ್ವರಬಿದ್ದವನ ತಲೆದಿಂಬಿನ ಕೆಳಗೆ ಸತ್ಯವೇದವನ್ನು ತೆರೆಯದೆ ಓದದೆ ಇಟ್ಟು, ಪುಸ್ತಕವೇ ಕಾಯುವದೆಂದು ನಂಬುವವರು ನಮ್ಮಲ್ಲಿ ಇಲ್ಲವೋ? ಪೆಟ್ಟಿಗೆಯೊಳಗಿನ ಹಣವನ್ನು ಎಣಿಸಿದಾಗ ಮಾತ್ರ ನಿರ್ಭಯವಾಗಿ ಮಲಗುವವರು ಇಲ್ಲವೋ? ಅವುಗಳಿಗೆ ಕಣ್ಣೂ ಇಲ್ಲ, ಕಿವಿಯೂ ಬಾಲವೂ ಇಲ್ಲ. ಆದರೂ ಅವು ಹೆಣೆದ ನಾಯಿಗಿಂತ ಎರಡನೆಯ ಆಜ್ಞೆಗೆ ಹೆಚ್ಚು ಹತ್ತಿರವಾಗಿ ನಿಂತಿರುತ್ತವೆ.

ರೂಪದ ದೋಷವಿಲ್ಲದಿದ್ದರೂ ಕಾಲವು ವ್ಯರ್ಥವಾಯಿತಲ್ಲಾ, ದೊರ್ಕಳು ವಿಧವೆಯರಿಗೆ ಅಂಗಿಗಳನ್ನು ಹೊಲಿದಳು, ಗೊಂಬೆಗಳನ್ನಲ್ಲ ಎಂದು ಕೆಲವರು ಹೇಳುವರು. ಅಂಗಿಯು ಮೊದಲು ಬೇಕೆಂಬದನ್ನು ಒಪ್ಪುತ್ತೇವೆ. ಆದರೆ ಯೆರೂಸಲೇಮಿಗೆ ಬರಲಿರುವ ಒಳ್ಳೇ ದಿನಗಳನ್ನು ಪ್ರವಾದಿಯಾದ ಜೆಕರ್ಯನು ವರ್ಣಿಸುವಾಗ, ಬೀದಿಗಳಲ್ಲಿ ಆಟವಾಡುವ ಹುಡುಗ ಹುಡುಗಿಯರನ್ನು ಆ ಆಶೀರ್ವಾದದ ಗುರುತಾಗಿ ತೋರಿಸುತ್ತಾನೆ. ಮಕ್ಕಳ ಆಟವು ದೇವರ ಲೆಕ್ಕದಲ್ಲಿ ವ್ಯರ್ಥವಲ್ಲ.

1836ರಲ್ಲಿ ಮಂಗಳೂರಿಗೆ ಬಂದು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್ ಅಯ್ಯನವರು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ಅದೇ ಸೀಮೆಯ ಗೀಂಗೆನ್ ಎಂಬ ಊರಿನಲ್ಲಿ 1847ರಲ್ಲಿ ಮಾರ್ಗರೆಟ್ ಸ್ಟೈಫ್ ಎಂಬವಳು ಹುಟ್ಟಿದಳು. ಒಂದೂವರೆ ವರುಷದವಳಿದ್ದಾಗ ಪೋಲಿಯೋ ರೋಗವು ಅವಳ ಕಾಲುಗಳನ್ನು ಕೆಡಿಸಿತು, ಬಲಗೈಯನ್ನು ದುರ್ಬಲಮಾಡಿತು. ಅವಳು ಹೊಲಿಗೆಯನ್ನು ಕಲಿತು ಜೀವನಮಾಡಿದಳು. 1880ರಲ್ಲಿ ಸೂಜಿಗಳನ್ನು ಚುಚ್ಚಿಡುವದಕ್ಕಾಗಿ ಉಣ್ಣೆಯ ದಪ್ಪಬಟ್ಟೆಯಿಂದ ಚಿಕ್ಕ ಆನೆಯನ್ನು ಮಾಡಿದಳು. ದೊಡ್ಡವರ ಉಪಯೋಗಕ್ಕೆ ಮಾಡಿದ ಆ ಆನೆಯನ್ನು ಮಕ್ಕಳು ತಮ್ಮ ಆಟಕ್ಕೆ ತಕ್ಕೊಂಡರು. ಆ ಮೇಲೆ ಅವಳು ಮಕ್ಕಳಿಗಾಗಿಯೇ ನಾಯಿ ಮುಂತಾದ ಪ್ರಾಣಿಗಳನ್ನು ಮಾಡಿಸಿ ಅನೇಕರಿಗೆ ಕೆಲಸವನ್ನು ಕೊಟ್ಟಳು. ನಡೆಯಲಾರದವಳ ಕೈಕೆಲಸವು ದೂರದೇಶಗಳ ಮಕ್ಕಳ ಬಳಿಗೆ ಹೋಯಿತು. ಇದನ್ನು ವ್ಯರ್ಥವೆನ್ನಬಹುದೋ?

ನಾಯಿಯೇ ಯಾಕೆ, ಅದು ಹೀನ ಪ್ರಾಣಿಯಲ್ಲವೇ ಎಂದೂ ಒಬ್ಬರು ಕೇಳಿದರು. ಲಾಜರನು ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದಾಗ ಮನೆಯವನು ಹತ್ತಿರ ಬರಲಿಲ್ಲ, ನಾಯಿಗಳು ಬಂದವು. ಕಾನಾನ್ಯ ಹೆಂಗಸು ಮೇಜಿನ ಕೆಳಗಿನ ನಾಯಿಮರಿಗಳ ಮಾತನ್ನೆತ್ತಿ ಬೇಡಿದಾಗ ಕರ್ತನು ಅವಳ ನಂಬಿಕೆಯನ್ನು ಹೊಗಳಿ ಅವಳ ಮಗಳನ್ನು ಗುಣಪಡಿಸಿದನು. ಇಷ್ಟು ಸಾಕು.

ಇದನ್ನೆಲ್ಲಾ ಓದಿ ತಿಳಿದ ಮೇಲೆ ನಾವು ಆ ಹಿರಿಯರನ್ನೂ ಕರಕೊಂಡು ಆ ತಾಯಿಯ ಮನೆಗೆ ಹೋದೆವು. "ಅಮ್ಮಾ, ನಾವು ವಿಚಾರಿಸದೆ ಮಾತಾಡಿದೆವು, ಕ್ಷಮಿಸಬೇಕು" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯನವರೇ, ದೇವರು ಬೇಡವೆಂದನೆಂದು ನೆನಸಿ ಬಿಚ್ಚಿದೆನು. ಬಿಚ್ಚುವಾಗ ಆತನ ಮೇಲೆ ನನಗೆ ಸಿಟ್ಟು ಬಂತು. ಅದೇ ನನಗೆ ಭಾರವಾಗಿತ್ತು" ಎಂದರು. ನಮ್ಮ ತಪ್ಪು ಎಷ್ಟು ದೊಡ್ಡದೆಂಬದು ಆಗ ಗೊತ್ತಾಯಿತು. ಮಗುವಿನ ಗೊಂಬೆಯನ್ನು ಕೆಡಿಸಿದ್ದಲ್ಲದೆ, ದೇವರು ಹೇಳದ ಮಾತನ್ನು ಆತನ ಹೆಸರಿನಲ್ಲಿ ಹೇಳಿ ಒಬ್ಬ ವಿಶ್ವಾಸಿಯ ಮನಸ್ಸಿನಲ್ಲಿ ಆತನನ್ನು ಕಠಿಣನನ್ನಾಗಿ ತೋರಿಸಿದ್ದೆವು. ಇಂಥ ಸುಳ್ಳುರೂಪವನ್ನು ಮಾಡುವದಕ್ಕೆ ಕಲ್ಲೂ ದಾರವೂ ಬೇಕಾಗಿಲ್ಲ, ಉಪದೇಶಿಯ ನಾಲಿಗೆಯೇ ಸಾಕು.

ಬಿಚ್ಚಿದ ದಾರವು ಕುಣಿಕೆಯ ಸುರುಳಿಯನ್ನು ಬೇಗ ಮರೆಯುವದಿಲ್ಲ. ಅದನ್ನು ಲಡಿಮಾಡಿ, ನೀರಲ್ಲಿ ನೆನಸಿ, ತೂಗಹಾಕಿ ಒಣಗಿಸಿದರೆ ನೆಟ್ಟಗಾಗುವದು. ಆ ತಾಯಿಯು ಹಾಗೆಯೇ ಮಾಡಿ ಅದೇ ದಾರದಿಂದ ತಿರಿಗಿ ಹೆಣೆದರು. ಈ ಸಲ ಅರಳೆಯನ್ನು ಬಿಡಿಸಿ ಕೊಟ್ಟವರು, ಪ್ರಶ್ನೆಯನ್ನು ಕೇಳಿದ ಆ ಹಿರಿಯರೇ.

ಆದದರಿಂದ ಪ್ರಿಯರೇ, ವಿಗ್ರಹಗಳ ವಿಷಯದಲ್ಲಿ ಎಚ್ಚರವಾಗಿರ್ರಿ. ಆದರೆ ಚಿಕ್ಕವರ ಕೈಯಿಂದ ಏನನ್ನಾದರೂ ಕಿತ್ತುಕೊಳ್ಳುವ ಮೊದಲು ದೇವರ ವಾಕ್ಯವನ್ನು ಪೂರ್ತಿಯಾಗಿ ಓದಿರಿ. ಹಾಗೆ ಓದುವ ತಾಳ್ಮೆಯನ್ನು ಕರ್ತನು ನಿಮಗೂ ನಮಗೂ ಅನುಗ್ರಹಿಸಲಿ.