ನೋವಿಗೆ ಯಾರು ಸಾಕ್ಷಿ?

ಎದೆನೋವೆಂದು ಕುಂದಾಪುರದ ಕೋಡಿಯಿಂದ ಮಣಿಪಾಲಕ್ಕೆ ಹೋದವರಿಗೆ ಆಂಜಿಯೋಗ್ರಾಂ ಮಾಡಿ 'ಬ್ಲಾಕ್ ಇಲ್ಲ' ಎಂದರೆ ಮನೆಯವರಿಗೆ ನಿರಾಳ. ನೋವು ನಿಲ್ಲದಿದ್ದರೆ ಅದೇ ವರದಿ ರೋಗಿಯ ಮೇಲೆಯೇ ತಿರುಗುತ್ತದೆ: ಗ್ಯಾಸ್ಟ್ರಿಕ್ ಇರಬೇಕು, ಟೆನ್ಶನ್ ಇರಬೇಕು, ಹೆಂಗಸರಾದರೆ ಇನ್ನೂ ಬೇಗ, 'ಎಲ್ಲ ಮನಸ್ಸಿನದ್ದು'. ಆಂಜಿಯೋಗ್ರಾಂನಲ್ಲಿ ಕಾಣುವುದು ದೊಡ್ಡ ರಕ್ತನಾಳಗಳು. ಅರ್ಧ ಮಿಲಿಮೀಟರಿಗಿಂತ ಸಪೂರದವು ಅದರಲ್ಲಿ ಸರಿಯಾಗಿ ಮೂಡುವುದಿಲ್ಲ. ಹೃದಯದ ಸ್ನಾಯುವಿಗೆ ಎಷ್ಟು ರಕ್ತ ಸೇರಬೇಕೆಂದು ಬಹುಮಟ್ಟಿಗೆ ತೀರ್ಮಾನಿಸುವುದು ಅವೇ. ಕೋಡಿಯ ಕಡಲಂಚಿನಲ್ಲಿ ನಿಂತರೆ ಗಂಗೊಳ್ಳಿ ಅಳಿವೆ ಕಾಣುತ್ತದೆ, ಒಳಗಿನ ಗದ್ದೆಯ ತೋಡಿನಲ್ಲಿ ನೀರಿದೆಯೇ ಎಂಬುದು ಕಾಣುವುದಿಲ್ಲ. 'ಕಾಣಲಿಲ್ಲ' ಎಂಬಲ್ಲಿಂದ 'ಇಲ್ಲ' ಎಂಬಲ್ಲಿಗೆ ಹಾರುವುದು ವೈದ್ಯಕ್ಕಿಂತ ಮೊದಲು ತರ್ಕದ ತಪ್ಪು.

ಈ ತಪ್ಪನ್ನು ತೂಗುವ ತಕ್ಕಡಿ ಇದೇ ಜಿಲ್ಲೆಯಲ್ಲಿದೆ. 13ನೇ ಶತಮಾನದಲ್ಲಿ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ (ಆಧಾರ ಹಿಡಿದು ತರ್ಕಿಸುವುದು), ಆಗಮ (ಶಾಸ್ತ್ರವಚನ) ಎಂಬ ಮೂರು ಪ್ರಮಾಣಗಳನ್ನು, ಅಂದರೆ ಅರಿವಿನ ಸಾಧನಗಳನ್ನು, ಒಪ್ಪಿದರು. ಪ್ರತ್ಯಕ್ಷದೊಳಗೆ ಕಣ್ಣು, ಕಿವಿ, ಮನಸ್ಸುಗಳ ಜೊತೆಗೆ 'ಸಾಕ್ಷಿ'ಯನ್ನೂ ಎಣಿಸಿದರು. ಕಣ್ಣು ಮೋಸಹೋಗಬಹುದು, ಮನಸ್ಸು ಎಡವಬಹುದು. ಸುಖದುಃಖಗಳನ್ನು ನೇರವಾಗಿ ಅರಿಯುವ ಸಾಕ್ಷಿ ತಪ್ಪುವುದಿಲ್ಲ. ಹಾಗೆಂದು ಸಾಕ್ಷಿಯ ಬಲದಿಂದ 'ನನ್ನ ಹಾರ್ಟೇ ಕೆಟ್ಟಿದೆ' ಎಂದು ಸಾಧಿಸಲಾಗದು. ನೋವು ಸಾಕ್ಷಿಯ ಪಾಲು, ಅದರ ಕಾರಣ ಅನುಮಾನದ ಪಾಲು. ಸಾಕ್ಷಿ ಇರುವುದು ರೋಗಿಗೆ, ವೈದ್ಯರಿಗೆ ಸಿಗುವುದು ಬರೀ ಮಾತು, ಅದು ಸುಳ್ಳಿರಬಾರದೇಕೆ ಎಂದು ಕೇಳಬಹುದು. ಇರಬಹುದು. ಆದರೆ ಸುಳ್ಳೆನ್ನಲು ಬೇರೆ ಆಧಾರ ಬೇಕು; ತನಗೆ ಕಾಣದ ಜಾಗದ ಬಗ್ಗೆ ಆಂಜಿಯೋಗ್ರಾಂ ಚಿತ್ರ ಏನನ್ನೂ ಹೇಳಲಾರದು.

ಮದ್ದು ಕೊಟ್ಟು ನೋಡಿ, ನೋವು ಹೋದರೆ ಕಾರಣ ಸಿಕ್ಕಿತಲ್ಲ ಎನ್ನುವವರೂ ಇದ್ದಾರೆ. ತಾರ್ಕಿಕರು ಇಂಥ ಹೇತುವನ್ನು 'ವ್ಯಭಿಚಾರಿ' ಎನ್ನುತ್ತಾರೆ, ಅಂದರೆ ಸಾಧಿಸಬೇಕಾದ್ದು ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಆಧಾರ. ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಅನ್ನನಾಳದ ಸೆಳೆತವನ್ನೂ ಸಡಿಲಿಸಬಲ್ಲದು. ಹೃದಯದ ತೀರಾ ಸಪೂರ ನಾಳಗಳ ಮೇಲೆ ಅದರ ಪ್ರಭಾವ ದೊಡ್ಡವುಗಳ ಮೇಲಿನಷ್ಟಿಲ್ಲ. ನೋವು ಇಳಿದರೆ ಹೃದಯದ್ದೇ ಎಂದಾಗಲಿ, ಇಳಿಯದಿದ್ದರೆ ಹೃದಯದ್ದಲ್ಲ ಎಂದಾಗಲಿ ಹೇಳುವಂತಿಲ್ಲ. 2018ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ 'ಕಾರ್‌ಮಿಕಾ' ಪ್ರಯೋಗ ಈ ಗಂಟನ್ನು ಬೇರೆ ರೀತಿ ಬಿಚ್ಚಿತು. ದೊಡ್ಡ ಬ್ಲಾಕ್ ಇಲ್ಲದ 151 ಮಂದಿಯ ಹೃದಯನಾಳದೊಳಗೆ ಸಪೂರ ತಂತಿ ಇಳಿಸಿ ರಕ್ತದ ಹರಿವು ಅಳೆದರು, ಅಸೆಟೈಲ್‌ಕೋಲಿನ್ ಕೊಟ್ಟು ನಾಳ ಸೆಟೆಯುತ್ತದೆಯೇ ಎಂದು ನೋಡಿದರು. ಒಂದು ಗುಂಪಿನ ಫಲಿತಾಂಶವನ್ನು ಮಾತ್ರ ವೈದ್ಯರಿಗೆ ತಿಳಿಸಿ, ಅದಕ್ಕೆ ತಕ್ಕ ಮದ್ದು ಕೊಡಲಾಯಿತು. ಆರು ತಿಂಗಳ ಹೊತ್ತಿಗೆ ಆ ಗುಂಪಿನವರ ಎದೆನೋವು ಹೆಚ್ಚು ತಗ್ಗಿತ್ತು. ಆಯುಷ್ಯ ಹೆಚ್ಚಿತೆಂದು ಅದು ತೋರಿಸಿಲ್ಲ, ಅಷ್ಟು ದೂರ ಎಳೆಯುವುದೂ ಬೇಡ. ಈ ತಂತಿ ಎಲ್ಲ ಊರಲ್ಲಿ ಸಿಗದು, ದುಡ್ಡೂ ಬೇಕು. ಅಂದಾಜಿನ ಮೇಲೆ ಮಾತ್ರೆ ಬರೆಯುವುದು ಹಲವು ಕಡೆ ಅನಿವಾರ್ಯ. ಆಗಲೂ 'ಹೃದಯ ನಾರ್ಮಲ್' ಎನ್ನದೆ 'ದೊಡ್ಡ ನಾಳಗಳಲ್ಲಿ ಬ್ಲಾಕ್ ಇಲ್ಲ' ಎಂದಷ್ಟೇ ಬರೆದರೆ, ಮುಂದಿನ ಡಾಕ್ಟರಿಗೆ ಎಲ್ಲಿಂದ ಹುಡುಕಬೇಕೆಂಬುದಾದರೂ ತಿಳಿಯುತ್ತದೆ.