ಘಟ್ಟ ಇಳಿದು ಉಣ್ಣುವ ಮೀನು

ಸುಲಭವಾಗಿ ಕೈಗೆಟುಕುವ ಸುಖವೊಂದನ್ನು ಮನುಷ್ಯನು ಬೇಕೆಂದೇ ಕಷ್ಟದ ದಾರಿಯಲ್ಲಿ ಹೋಗಿ ಪಡೆಯಲು ಹೊರಟಾಗ, ಆ ಕಷ್ಟಕ್ಕೂ ಆ ಸುಖಕ್ಕೂ ನಡುವೆ ಏರ್ಪಡುವ ಸಂಬಂಧ ಯಾವ ಬಗೆಯದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ತೋರುವಷ್ಟು ಸರಳವಾದುದಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಚಿಕ್ಕಮಗಳೂರಿನಿಂದ ಒಬ್ಬನೇ ಬೈಕು ಹತ್ತಿ, ಮೂಡಿಗೆರೆ, ಕೊಟ್ಟಿಗೆಹಾರಗಳನ್ನು ದಾಟಿ, ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿದು, ಉಜಿರೆ, ಬೆಳ್ತಂಗಡಿಗಳ ಮೂಲಕ ಸುಮಾರು 150 ಕಿಲೋಮೀಟರ್ ಆಚೆಯ ಮಂಗಳೂರನ್ನು ಸೇರಿ, ತನಗೆ ಬಹುಕಾಲದಿಂದ ಇಷ್ಟವಾದ ಮೀನೂಟದ ಹೋಟೆಲಿನಲ್ಲಿ ಮಧ್ಯಾಹ್ನ ಉಂಡು ಹಿಂತಿರುಗುವ ಸವಾರನು ಈ ಪ್ರಶ್ನೆಗೆ ನಿಚ್ಚಳವಾದ ಉದಾಹರಣೆಯಾಗುತ್ತಾನೆ. ಅವನು ಇಳಿದು ಹೋಗುವ ಘಟ್ಟಗಳನ್ನೇ ಮಂಗಳೂರು, ಮಲ್ಪೆ ಬಂದರುಗಳಿಂದ ಐಸ್ ತುಂಬಿಕೊಂಡ ಮೀನಿನ ಗಾಡಿಗಳು ಹತ್ತಿ ಬರುತ್ತವೆ. ಬಂಗುಡೆ, ಬೂತಾಯಿ, ಅಂಜಲ್ ಮೀನುಗಳು ಮಲೆನಾಡಿನ ಪೇಟೆಗಳಲ್ಲೂ ದೊರೆಯುತ್ತವೆ. ಮೀನೇ ಮನೆಯ ಬಳಿಗೆ ಬರುತ್ತಿರುವಾಗ ಚಳಿಗೆ ಮೈಯೊಡ್ಡಿ ಮೀನಿನ ಬಳಿಗೆ ಹೋಗುವುದಕ್ಕೆ ಯಾವ ಸಮರ್ಥನೆ ಇದೆ ಎಂಬುದು ಇಲ್ಲಿನ ವಿಚಾರ.

ಸಾಮಾನ್ಯವಾಗಿ ಕೊಡಲಾಗುವ ವಿವರಣೆಗಳಲ್ಲಿ ಮೊದಲನೆಯದು, ಮೀನು ಬರಿಯ ನೆಪ, ನಿಜವಾಗಿ ಬೇಕಾಗಿರುವುದು ಸವಾರಿ ಎಂಬುದು. ಇದು ನಿಜವಾಗಿದ್ದರೆ ದಾರಿಯ ಕೊನೆಯಲ್ಲಿ ಏನಿದ್ದರೂ ನಡೆಯಬೇಕಿತ್ತು. ಆದರೆ ಹೋಟೆಲಿನ ಬಾಗಿಲು ಮುಚ್ಚಿದ್ದರೆ, ಇಲ್ಲವೇ ಅಂದಿನ ಕಾಣೆ ಮೀನು ಮುಗಿದುಹೋಗಿದ್ದರೆ ಆ ದಿನವೇ ಕುಂದಿದಂತೆ ಸವಾರನಿಗೆ ಅನಿಸುತ್ತದೆ. ನೆಪವೊಂದು ತಪ್ಪಿದುದಕ್ಕೆ ಯಾರೂ ಅಷ್ಟು ನೊಂದುಕೊಳ್ಳುವುದಿಲ್ಲ. ಎರಡನೆಯ ವಿವರಣೆ, ಚಳಿಯ ಸವಾರಿ ಒಳ್ಳೆಯ ಊಟಕ್ಕೆ ತೆರುವ ಬೆಲೆ ಎಂಬುದು. ಬೆಲೆ ಎಂದಮೇಲೆ ಅದು ಕಡಿಮೆಯಾದಷ್ಟೂ ಕೊಳ್ಳುವವನಿಗೆ ಹಿತ, ಹಾಗಾಗಿ ಬೆಚ್ಚಗಿನ ಕಾರೊಂದು ಸಿಕ್ಕಿದೊಡನೆ ಅವನು ಬೈಕನ್ನು ಮನೆಯಲ್ಲೇ ಬಿಡಬೇಕು. ಕಾರು ಇರುವವರೂ ಅದನ್ನು ಬಿಟ್ಟು ಬೈಕಿನಲ್ಲೇ ಹೋಗುತ್ತಾರೆ ಎಂಬುದು ಈ ಲೆಕ್ಕಾಚಾರವನ್ನು ಕೆಡಿಸುತ್ತದೆ.

ಮೂರನೆಯ ವಿವರಣೆ ಮನೋವಿಜ್ಞಾನದಿಂದ ಬರುತ್ತದೆ ಮತ್ತು ಅದು ಹೆಚ್ಚು ಗಂಭೀರವಾದುದು. ಎಲಿಯಟ್ ಅರಾನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಅಮೆರಿಕದ ಸಂಶೋಧಕರು 1959ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚರ್ಚಾಕೂಟವೊಂದನ್ನು ಸೇರುವ ಮುನ್ನ ಮುಜುಗರದ ಪರೀಕ್ಷೆಗೆ ಒಳಗಾದ ವಿದ್ಯಾರ್ಥಿನಿಯರು, ಹಾಗೆ ಒಳಗಾಗದವರಿಗಿಂತ ಹೆಚ್ಚಾಗಿ, ಬೇಸರ ತರಿಸುವಂಥ ಚರ್ಚೆಯನ್ನೂ ಸ್ವಾರಸ್ಯಕರವೆಂದು ಮೆಚ್ಚಿಕೊಂಡರು. ಪಟ್ಟ ಶ್ರಮ ವ್ಯರ್ಥವಾಯಿತೆಂದು ಒಪ್ಪಿಕೊಳ್ಳಲಾರದ ಮನಸ್ಸು ಪಡೆದ ವಸ್ತುವಿನ ಮೌಲ್ಯವನ್ನು ತಾನೇ ಏರಿಸಿಕೊಳ್ಳುತ್ತದೆ ಎಂಬ ಈ ತತ್ತ್ವವನ್ನು ಶ್ರಮದ ಸಮರ್ಥನೆ ಎಂದು ಕರೆಯಬಹುದು. ಈ ತತ್ತ್ವವನ್ನು ಸವಾರನಿಗೆ ಅನ್ವಯಿಸಿದರೆ, ನಡುಗುತ್ತ ಬಂದವನಿಗೆ ಸಾಧಾರಣ ಮೀನೂ ಅಮೃತವೆನಿಸುತ್ತದೆ ಎಂದಾಗುತ್ತದೆ. ಆದರೆ ಆ ಪ್ರಯೋಗದ ಯುವತಿಯರು ಚರ್ಚಾಕೂಟದ ಗುಣವನ್ನು ಮೊದಲು ಅರಿತಿರಲಿಲ್ಲ, ಸವಾರನಾದರೋ ತಾನು ಹಲವು ಸಲ ಉಂಡು, ಬೇರೆ ಊಟಗಳೊಡನೆ ಹೋಲಿಸಿ ನೋಡಿ ಆರಿಸಿಕೊಂಡ ಜಾಗಕ್ಕೆ ಹೋಗುತ್ತಿದ್ದಾನೆ. ನೆಚ್ಚಿನ ಹೋಟೆಲು ಎನ್ನುವುದೇ ಒಂದು ಅಳತೆಗೋಲು. ಅಷ್ಟು ದೂರ ಬಂದವನು ಹಳಸಲು ಮೀನನ್ನು ಮೊದಲ ತುತ್ತಿಗೇ ಗುರುತಿಸುತ್ತಾನೆ ಮತ್ತು ಅದನ್ನು ಸುಲಭವಾಗಿ ಕ್ಷಮಿಸುವುದಿಲ್ಲ. ಇಲ್ಲಿ ಶ್ರಮವು ವಿವೇಚನೆಯನ್ನು ಮಬ್ಬುಗೊಳಿಸುವ ಬದಲು ಹರಿತಗೊಳಿಸುತ್ತದೆ.

ಹೀಗೆ ನೆಪ, ಬೆಲೆ, ಭ್ರಮೆ ಎಂಬ ಮೂರೂ ಸಾಲದೆ ಹೋದಾಗ ಆಟದ ಸ್ವರೂಪವನ್ನು ವಿಚಾರಿಸಿದ ಬರ್ನಾರ್ಡ್ ಸೂಟ್ಸ್ ಅವರ ಚಿಂತನೆ ನೆರವಿಗೆ ಬರುತ್ತದೆ. 1978ರಲ್ಲಿ ಪ್ರಕಟವಾದ ‘ದಿ ಗ್ರಾಸ್‌ಹಾಪರ್’ ಎಂಬ ಗ್ರಂಥದಲ್ಲಿ ಅವರು ಆಟವನ್ನು, ಅಗತ್ಯವಿಲ್ಲದ ಅಡೆತಡೆಗಳನ್ನು ತಾವಾಗಿ ಒಪ್ಪಿಕೊಂಡು ದಾಟುವ ಪ್ರಯತ್ನವೆಂದು ನಿರೂಪಿಸಿದರು. ಚೆಂಡು ಕುಳಿಯೊಳಗೆ ಬೀಳುವುದಷ್ಟೇ ಗುರಿಯಾಗಿದ್ದರೆ ಗಾಲ್ಫ್ ಆಟಗಾರನು ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಹಾಕಬಹುದಿತ್ತು. ಕೋಲಿನಿಂದಲೇ ಹೊಡೆಯಬೇಕೆಂಬ ಅನನುಕೂಲವಾದ ನಿಯಮವನ್ನು ಒಪ್ಪುವುದರಿಂದಲೇ ಅದು ಆಟವಾಗುತ್ತದೆ. ಬೈಕಿನಲ್ಲೇ, ಚಳಿಯಲ್ಲೇ, ಒಬ್ಬನೇ ಎಂಬ ಸವಾರನ ನಿಯಮಗಳೂ ಇದೇ ಜಾತಿಯವು. ಆದರೂ ಈ ವಿವರಣೆ ಅರ್ಧ ದಾರಿಗೆ ನಿಲ್ಲುತ್ತದೆ. ಕುಳಿಯೊಳಗಿನ ಚೆಂಡಿಗೆ ಆಟದ ಹೊರಗೆ ಬೆಲೆಯಿಲ್ಲ. ಆದರೆ ಕಾವಲಿಯ ಮೇಲಿನ ಕಾಣೆ ಮೀನು ಆಟದ ಒಳಗೂ ಹೊರಗೂ ರುಚಿಯಾದ ವಸ್ತುವೇ ಆಗಿದೆ. ಗುರಿ ಸ್ವತಃ ಒಳ್ಳೆಯದಾಗಿದ್ದು ದಾರಿಯೂ ಬೇಕೆಂದು ಕಷ್ಟದ್ದಾಗಿರುವ ಕ್ರಿಯೆಗಳಿಗೆ ಬೇರೆಯೇ ವಿವರಣೆ ಬೇಕು. ಶಿವರಾತ್ರಿಯ ಮುನ್ನ ಇದೇ ಚಾರ್ಮಾಡಿಯಲ್ಲಿ ಧರ್ಮಸ್ಥಳಕ್ಕೆ ನಡೆದು ಇಳಿಯುವ ಪಾದಯಾತ್ರಿಗಳು ಆ ಗುಂಪಿಗೆ ಸೇರಿದವರು, ಏಕೆಂದರೆ ಬಸ್ಸಿನಲ್ಲಿ ಹೋದರೂ ದರ್ಶನವಾಗುತ್ತದೆ, ಆದರೂ ಅವರು ನಡೆಯುತ್ತಾರೆ. ಅವರ ನಡಿಗೆ ದೇವರಿಗೆ ಹೊತ್ತ ಹರಕೆಯಾಗಿರಬಹುದು. ಮೀನೂಟದ ಸವಾರನಿಗೆ ತೀರಿಸಬೇಕಾದ ಹರಕೆಯೇನೂ ಇಲ್ಲದಿರುವುದರಿಂದ, ಕಷ್ಟವು ಸುಖದ ಒಳಗೇ ಯಾವ ಕೆಲಸ ಮಾಡುತ್ತದೆ ಎಂಬುದು ಅವನಲ್ಲಿ ಇನ್ನಷ್ಟು ಬಿಡಿಯಾಗಿ ಕಾಣುತ್ತದೆ.

ಆ ಕೆಲಸವನ್ನು ಅರಿಯಲು ಚಳಿಯನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕು. ಗಾಳಿಯ ವೇಗ ಹೆಚ್ಚಿದಂತೆ ಮೈಯ ಶಾಖ ಬೇಗ ಕಳೆದುಹೋಗುವುದನ್ನು ಅಳೆಯಲು ಕೆನಡಾ ಮತ್ತು ಅಮೆರಿಕಗಳು 2001ರಲ್ಲಿ ಅಳವಡಿಸಿಕೊಂಡ ಸೂತ್ರದ ಪ್ರಕಾರ, 10 ಡಿಗ್ರಿ ಸೆಲ್ಸಿಯಸ್ ಇರುವ ಬೆಳಗಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಗೆ ತೆರೆದ ಚರ್ಮಕ್ಕೆ ತಾಗುವ ಚಳಿ ಸುಮಾರು 5 ಡಿಗ್ರಿಯದಾಗಿರುತ್ತದೆ. ದೇಹವು ತನ್ನ ನಡುಭಾಗದ ಶಾಖವನ್ನು ಕಾಪಾಡಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸುತ್ತದೆ, ಇದರಿಂದ ಬ್ರೇಕು, ಕ್ಲಚ್ಚುಗಳನ್ನು ಹಿಡಿಯಬೇಕಾದ ಬೆರಳುಗಳೇ ಮೊದಲು ಮರಗಟ್ಟುತ್ತವೆ. ಜರ್ಕಿನ್ನಿನ ಒಳಗೆ ಎದೆಗೆ ವೃತ್ತಪತ್ರಿಕೆ ಒತ್ತಿಕೊಳ್ಳುವುದು, ನಿಂತಲ್ಲಿ ಇಂಜಿನ್ನಿನ ಬಳಿ ಅಂಗೈ ಹಿಡಿಯುವುದು, ಕೊಟ್ಟಿಗೆಹಾರದಲ್ಲಿ ಬಿಸಿ ನೀರ್ ದೋಸೆಗೆಂದು ನಿಲ್ಲುವುದು ಇವೆಲ್ಲ ಸವಾರರು ಕಂಡುಕೊಂಡ ಉಪಾಯಗಳು. ಮುಂದೆ ಘಾಟಿಯಲ್ಲಿ ಮಂಜು ಕವಿದಿದ್ದರೆ, ಗೇರು ಇಳಿಸಿ, ಇಂಜಿನ್ನಿನ ಹಿಡಿತದಲ್ಲೇ ಬೈಕನ್ನು ತಡೆದುಕೊಂಡು, ಪ್ರತಿ ತಿರುವಿನಲ್ಲೂ ಎದುರಿನಿಂದ ಏರಿ ಬರಬಹುದಾದ ಗಾಡಿಗೆ ಕಿವಿಗೊಟ್ಟು ಇಳಿಯಬೇಕಾಗುತ್ತದೆ.

ಫ್ರಾನ್ಸ್ ಮೂಲದ ಶರೀರಶಾಸ್ತ್ರಜ್ಞ ಮಿಶೆಲ್ ಕಬನಾಕ್ ಒಂದೇ ಪ್ರಚೋದನೆಯು ದೇಹದ ಒಳಸ್ಥಿತಿಗೆ ತಕ್ಕಂತೆ ಹಿತವಾಗಿಯೋ ಅಹಿತವಾಗಿಯೋ ತೋರುತ್ತದೆಂದು 1971ರ ಲೇಖನದಲ್ಲಿ ನಿರೂಪಿಸಿ, ಅದನ್ನು ಅಲಿಯೆಸ್ತೀಸಿಯಾ ಎಂದು ಹೆಸರಿಸಿದರು; ತಣಿದ ಮೈಗೆ ಬಿಸಿ ನೀರು ಹಿತ, ಕಾದ ಮೈಗೆ ಅದೇ ನೀರು ಹಿಂಸೆ. ಜೊತೆಗೆ, ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಮತ್ತು ಸುಮಾರು 43 ಡಿಗ್ರಿಯನ್ನು ಮೀರಿದ ಬಿಸಿ ಇವೆರಡನ್ನೂ ನರತಂತುಗಳ ಒಂದೇ ಗ್ರಾಹಕ ಗುರುತಿಸುತ್ತದೆಂಬುದು 1997ರಲ್ಲಿ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯದಲ್ಲಿ ಪತ್ತೆಯಾಯಿತು, ಆ ಸಾಲಿನ ಸಂಶೋಧನೆಗಾಗಿ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಇವೆರಡನ್ನೂ ಕೂಡಿಸಿದರೆ, ಹುಳಿ ಖಾರಗಳಲ್ಲಿ ಕುದಿದ ಬಂಗುಡೆ ಪುಳಿಮುಂಚಿ ಹೆಪ್ಪುಗಟ್ಟಿದ ದೇಹಕ್ಕೆ ಬೆಂಕಿಯಂತೆ ಹಿತವಾಗುವುದರಲ್ಲಿ ಎಲ್ಲವೂ ತೀರ್ಮಾನವಾದಂತೆ ತೋರುತ್ತದೆ.

ಆದರೆ ಇಲ್ಲೊಂದು ತೊಡಕಿದೆ, ಮತ್ತು ವಿಚಾರದ ತಿರುಳು ಅಲ್ಲಿಯೇ ಇದೆ. ಕೆಳಗಿಳಿಯುತ್ತ ಹೋದಂತೆ ಗಾಳಿಯ ಉಷ್ಣಾಂಶ ಏರುತ್ತದೆ; ಎತ್ತರದ ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿಯ ಅಂತರವಿರುತ್ತದೆ, ಸಮುದ್ರದ ಸಾಮೀಪ್ಯ ಬೇರೆ. ಉಜಿರೆಯ ಹೊತ್ತಿಗೆ ಜರ್ಕಿನ್ ಬಿಚ್ಚಬೇಕೆನಿಸುತ್ತದೆ, ಮಂಗಳೂರಿನ ಮಧ್ಯಾಹ್ನದಲ್ಲಿ ಜನವರಿಯಲ್ಲೂ ಬೆವರು ಇಳಿಯುತ್ತದೆ. ತಟ್ಟೆ ಮುಂದೆ ಬರುವಾಗ ಸವಾರನ ಮೈಯಲ್ಲಿ ಚಳಿಯೇ ಉಳಿದಿರುವುದಿಲ್ಲ. ಹಾಗಾದರೆ ಚಳಿಯು ಊಟಕ್ಕೆ ಕೊಟ್ಟದ್ದು ದೇಹದ ಬಯಕೆಯಾಗಿರಲಾರದು. ಉಳಿದು ಬಂದದ್ದು ಗಮನ. ಬೆಳಗಿನಿಂದ ಗಂಟೆಗಟ್ಟಲೆ, ಅಲ್ಲಿ ಇಲ್ಲಿ ಅಲೆಯಲು ಮನಸ್ಸಿಗೆ ಅವಕಾಶ ಸಿಗದಂತೆ ಬೆರಳು, ರಸ್ತೆ, ಮಂಜು, ತಿರುವುಗಳು ಅದನ್ನು ಒಂದೇ ಕಡೆ ಹಿಡಿದಿಟ್ಟಿವೆ. ಹಾಗೆ ಕೂಡಿಬಂದ ಮನಸ್ಸು ಹೋಟೆಲಿನ ಬೆಂಚಿನ ಮೇಲೆ ಕುಳಿತೊಡನೆ ಚದುರುವುದಿಲ್ಲ, ತನ್ನ ಮುಂದಿನ ವಸ್ತುವಿನ ಮೇಲೆ ಇಡಿಯಾಗಿ ಇಳಿಯುತ್ತದೆ.

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವನ್ನು ವಿವರಿಸುವಾಗ ಭರತನು ಊಟದ ದೃಷ್ಟಾಂತವನ್ನೇ ತೆಗೆದುಕೊಳ್ಳುತ್ತಾನೆ. ಬಗೆಬಗೆಯ ವ್ಯಂಜನಗಳಿಂದ ಸಂಸ್ಕಾರಗೊಂಡ ಅನ್ನದ ರಸವನ್ನು ಸುಮನಸ್ಕರು ಆಸ್ವಾದಿಸುತ್ತಾರೆ ಎಂಬಲ್ಲಿ ಸುಮನಸ್ಕರು ಎಂದರೆ ಮನಸ್ಸು ನೆಟ್ಟಗಿರುವವರು, ಸ್ವೀಕರಿಸಲು ಸಿದ್ಧವಾಗಿರುವವರು. ರುಚಿಗೆ ಅನ್ನದ ಸಂಸ್ಕಾರದಷ್ಟೇ ಉಣ್ಣುವವನ ಸಿದ್ಧತೆಯೂ ಬೇಕು ಎಂಬ ಈ ಒಳನೋಟವನ್ನು ರಂಗಕ್ಕೆ ಅನ್ವಯಿಸಿ ಸಾವಿರಾರು ಪುಟ ಬರೆದ ಪರಂಪರೆ, ಅದನ್ನು ಊಟಕ್ಕೆ ಮರಳಿ ಅನ್ವಯಿಸಿದ್ದು ಕಡಿಮೆ. ಅಡುಗೆಮನೆಯಲ್ಲಿ ಮೀನು ಸಿದ್ಧವಾಗುತ್ತದೆ, ಘಟ್ಟದ ಚಳಿಯಲ್ಲಿ ಉಣ್ಣುವವನು ಸಿದ್ಧವಾಗುತ್ತಾನೆ. ಮನೆಯ ಬಾಗಿಲಿಗೆ ಬಂದ ಪೊಟ್ಟಣದಲ್ಲಿ ಇರುವುದು ಮೊದಲನೆಯ ಸಿದ್ಧತೆ ಮಾತ್ರ. ಸವಾರಿಯು ಊಟದ ಸಾಧನವೂ ಬೆಲೆಯೂ ಆಗದೆ ಅದರ ಭಾಗವೇ ಆಗುವುದು ಈ ಅರ್ಥದಲ್ಲಿ.

ಒಬ್ಬನೇ ಹೋಗುವುದರ ಔಚಿತ್ಯವೂ ಇಲ್ಲಿಯೇ ಇದೆ, ಆದರೂ ಒಂಟಿ ಊಟಕ್ಕೆ ಹಿರಿಯರ ಆಕ್ಷೇಪ ಸಣ್ಣದಲ್ಲ. ಋಗ್ವೇದದ ಹತ್ತನೆಯ ಮಂಡಲದ 117ನೆಯ ಸೂಕ್ತ ಒಬ್ಬನೇ ಉಣ್ಣುವವನನ್ನು ಪಾಪಿಯೆಂದು ಕರೆಯುತ್ತದೆ. 1798ರಲ್ಲಿ ಪ್ರಕಟವಾದ ಮಾನವಶಾಸ್ತ್ರದ ಗ್ರಂಥದಲ್ಲಿ ಇಮ್ಯಾನುಯೆಲ್ ಕಾಂಟ್, ಒಬ್ಬನೇ ಉಣ್ಣುವುದು ಚಿಂತನಶೀಲ ವಿದ್ವಾಂಸನ ಆರೋಗ್ಯಕ್ಕೆ ಹಾನಿಯೆಂದು ಹೇಳಿ, ಊಟಕ್ಕೆ ಕೂರುವವರು ಮೂವರಿಗಿಂತ ಕಡಿಮೆಯೂ ಒಂಬತ್ತು ಜನರಿಗಿಂತ ಹೆಚ್ಚೂ ಇರಬಾರದೆಂದು ಸೂಚಿಸಿದನು. ಋಗ್ವೇದದ ಖಂಡನೆ ಹಸಿದು ಬಂದವನಿಗೆ ಕೊಡದೆ ಉಣ್ಣುವವನ ಕುರಿತಾದುದು, ಜೊತೆಗಾರರಿಲ್ಲದವನ ಕುರಿತಾದುದಲ್ಲ. ಕಾಂಟನ ಮೇಜಿನಲ್ಲಿ ಮಾತೇ ಮುಖ್ಯ, ಊಟ ಅದರ ಆಸರೆ. ಮುಳ್ಳಿರುವ ಮೀನಿನ ಊಟ ಆ ಮಾತಿಗೆ ಅಷ್ಟು ಹೊಂದುವುದಿಲ್ಲ. ಬೂತಾಯಿಯ ಸಣ್ಣ ಮುಳ್ಳುಗಳನ್ನು ಬೆರಳಿನಲ್ಲಿ ಬಿಡಿಸಿ, ಬಂಗುಡೆಯ ನಡುಮುಳ್ಳನ್ನು ಮುರಿಯದೆ ಎತ್ತಿ, ಕುಚ್ಚಲಕ್ಕಿ ಅನ್ನದೊಡನೆ ಬಾಯಿಗಿಡುವ ಕೆಲಸ ಹರಟೆಯನ್ನು ಸಹಿಸುವುದಿಲ್ಲ. ಗುಂಪಿನಲ್ಲಿ ಬೈಕು ಓಡಿಸುವವರಿಗೆ ಚಳಿಯನ್ನು ದೂರುವ ಅವಕಾಶವಿದೆ, ದೂರಿದಷ್ಟೂ ಅದು ಹಂಚಿಹೋಗಿ ಹಗುರಾಗುತ್ತದೆ. ಒಂಟಿ ಸವಾರನಿಗೆ ಹೆಲ್ಮೆಟ್ಟಿನೊಳಗೆ ದೂರು ಕೇಳುವವರಿಲ್ಲದೆ ಚಳಿ ಪೂರ್ತಿಯಾಗಿ ಅವನದೇ ಆಗುತ್ತದೆ, ಗಮನವೂ ಹಾಗೆಯೇ.

ಈ ವಾದಕ್ಕೆ ಎರಡು ನೈತಿಕ ಆಕ್ಷೇಪಗಳಿವೆ ಮತ್ತು ಎರಡನ್ನೂ ಒಪ್ಪಿಕೊಂಡೇ ಮುಂದೆ ಹೋಗಬೇಕು. ಲೀಟರಿಗೆ 35 ಕಿಲೋಮೀಟರ್ ಓಡುವ ಬೈಕು ಹೋಗಿ ಬರುವ 300 ಕಿಲೋಮೀಟರಿಗೆ ಎಂಟೂವರೆ ಲೀಟರ್ ಪೆಟ್ರೋಲು ಸುಡುತ್ತದೆ, ಅಂದರೆ ಸುಮಾರು 20 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಊಟಕ್ಕೆ ಇದು ಕಡಿಮೆಯಲ್ಲ, ಆದ್ದರಿಂದ ವಾರವಾರವೂ ಮಾಡುವ ಅಭ್ಯಾಸವಾಗಿ ಇದನ್ನು ಸಮರ್ಥಿಸಲಾಗದು. ವಿರಳವಾಗಿದ್ದಾಗ ಮಾತ್ರ ಅದು ನಿಲ್ಲುತ್ತದೆ, ಮತ್ತು ವಿರಳವಾಗಿದ್ದಾಗಲೇ ಅದು ಹೇಳಿದ ಕೆಲಸವನ್ನು ಮಾಡುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧವಿರುವುದರಿಂದ ಮೀನಿಗೂ ತನ್ನ ಕಾಲವಿದೆ, ಸವಾರಿಗೂ ಒಂದು ಕಾಲವಿರುವುದು ಸರಿಯೇ. ಎರಡನೆಯದು ಅಪಾಯದ ಪ್ರಶ್ನೆ. ಮರಗಟ್ಟಿದ ಬೆರಳು ಬ್ರೇಕನ್ನು ತಡವಾಗಿ ಹಿಡಿಯುತ್ತದೆ, ಆ ತಡದ ಫಲವನ್ನು ಎದುರಿನಿಂದ ಬರುವ ಯಾರೋ ಅನುಭವಿಸಬೇಕಾಗಬಹುದು. ಗಮನವನ್ನು ಕೂಡಿಸುವ ಚಳಿ ಒಂದು ಮಟ್ಟವನ್ನು ದಾಟಿದರೆ ಗಮನವನ್ನೇ ಕೊಲ್ಲುತ್ತದೆ; ಅಲ್ಲಿಂದಾಚೆಗೆ ಹಟ ಹಿಡಿದು ಓಡಿಸುವವನು ಈ ವಾದದ ಆಸರೆಯನ್ನು ಕೇಳಲಾರ, ಏಕೆಂದರೆ ಅವನು ಅದರ ನೆಲೆಯನ್ನೇ ಕಳೆದುಕೊಂಡಿದ್ದಾನೆ.

ಹಿಂತಿರುಗುವ ದಾರಿ ಇನ್ನೂ ಬಾಕಿಯಿದೆ. ಸವಾರಿಯು ಊಟಕ್ಕೆ ಸಿದ್ಧತೆಯಾದರೆ, ಊಟ ಮುಗಿದ ಮೇಲಿನ 150 ಕಿಲೋಮೀಟರ್ ಯಾವುದಕ್ಕೆ ಸಿದ್ಧತೆ ಎಂದು ಕೇಳಬಹುದು. ಯಾವುದಕ್ಕೂ ಅಲ್ಲ ಎಂಬುದೇ ನೇರವಾದ ಉತ್ತರ. ಅದು ಮನೆಗೆ ಹೋಗುವ ದಾರಿ, ಹೊಟ್ಟೆ ತುಂಬಿ ಕಣ್ಣು ಎಳೆಯುವ ಹೊತ್ತಿನದು, ಬೆಳಗಿನ ಹುರುಪು ಅದಕ್ಕಿಲ್ಲ. ಬಹುಮಟ್ಟಿಗೆ ಸವಾರರು ಮಧ್ಯಾಹ್ನವೇ ಮಂಗಳೂರು ಬಿಟ್ಟು, ಕತ್ತಲೂ ಮಂಜೂ ಕವಿಯುವ ಮುನ್ನ ಘಾಟಿ ಹತ್ತಿ ಮುಗಿಸಲು ನೋಡುತ್ತಾರೆ, ಅದಕ್ಕಾಗಿ ಹನ್ನೆರಡೂವರೆಗೇ ಊಟಕ್ಕೆ ಕೂರುತ್ತಾರೆ, ಬೇಕೆನಿಸಿದ ಇನ್ನೊಂದು ಮೀನನ್ನು ಕೇಳದೆ ಕೈ ತೊಳೆಯುತ್ತಾರೆ.